ವಕೀಲರ ಫೀಸನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದಾ? ಬೆಂಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ರಿಟರ್ನ್ ಹಾಕುವ ಸೀಸನ್ ಬಂತೆಂದರೆ ಆಡಿಟರ್ ಆಫೀಸುಗಳಲ್ಲಿ ಈ ಮಾತು ಕೇಳದ ದಿನವೇ ಇರಲ್ಲ. "ಸರ್, ಕೇಸಿಗೆ ಎರಡು ಲಕ್ಷ ಸುರಿದಿದ್ದೀನಿ. ಎಲ್ಲಾದ್ರೂ ಖರ್ಚಿಗೆ ಹಾಕೋಕೆ ಬರುತ್ತಾ?"

ಸ್ವಂತ ಬದುಕಿನ ಕೇಸಾದರೆ ಬರಲ್ಲ. ವಿಚ್ಛೇದನ, ಮಕ್ಕಳ ಕಸ್ಟಡಿ, ವಿಲ್ ಬರೆಸಿದ್ದು, ಪಕ್ಕದ ಮನೆಯವರ ಜೊತೆ ಜಗಳ, ಗ್ರಾಹಕರ ಆಯೋಗದಲ್ಲಿ ಹಾಕಿದ ದೂರು, ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದದ್ದು ಇವೆಲ್ಲದರ ಫೀಸು ನಿಮ್ಮ ಜೇಬಿನದೇ. ಆದರೆ ಇಷ್ಟು ಕೇಳಿ ರಸೀದಿಗಳನ್ನು ಬಿಸಾಕಿಬಿಡಬೇಡಿ. ಅದರಲ್ಲೂ ಸೈಟು, ಮನೆ ವಿಚಾರದ ಕೇಸಾಗಿದ್ದರೆ ಆ ಕಾಗದಗಳಿಗೆ ಮುಂದೆ ಬೆಲೆ ಬರುತ್ತದೆ. ಬೆಂಗಳೂರಿನಲ್ಲಿ ಜನ ನಿಜವಾಗಿ ದುಡ್ಡು ಕಳೆದುಕೊಳ್ಳುವುದು ಅಲ್ಲೇ. ಹಾಗಾಗಿ ಈ ಬರಹದಲ್ಲೂ ಆ ಭಾಗವೇ ಜಾಸ್ತಿ ಉದ್ದ.

ಶುರು ಮಾಡುವ ಮುಂಚೆ ಎರಡು ಎಚ್ಚರಿಕೆ. ನೆಟ್‌ನಲ್ಲಿ ಇಂಗ್ಲಿಷಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಅಮೆರಿಕದ ನಿಯಮಗಳು. ತಾರತಮ್ಯದ ವಿರುದ್ಧ ಹಾಕಿದ ಕೇಸಿನ ಫೀಸಿಗೆ ಅಲ್ಲಿ ವಿನಾಯಿತಿ ಉಂಟು ಎಂದೆಲ್ಲ ಇರುತ್ತದೆ. ನಮಗೂ ಅದಕ್ಕೂ ಸಂಬಂಧ ಇಲ್ಲ. ಎರಡನೆಯದು, 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬಂದಿದೆ. ಅಲ್ಲಿ ಸೆಕ್ಷನ್ ನಂಬರುಗಳು ಬದಲಾಗಿವೆ. ವ್ಯವಹಾರದ ಖರ್ಚಿಗೆ ಸಂಬಂಧಿಸಿದ ಹಳೆಯ ಸೆಕ್ಷನ್ 37 ಹೊಸದರಲ್ಲಿ 34 ಆಗಿದೆ. ನಮ್ಮ ಈ ವಿಷಯದ ತಿರುಳು ಹಾಗೇ ಇದೆ. 2025-26ರ ಆದಾಯದ ತನಕ 1961ರ ಕಾಯ್ದೆಯೇ ಅನ್ವಯ, ಜನರ ಬಾಯಲ್ಲಿರುವುದೂ ಹಳೇ ನಂಬರುಗಳೇ. ಅದಕ್ಕೆ ಇಲ್ಲಿ ಅವನ್ನೇ ಬಳಸಿದ್ದೇನೆ.

ಹಂತ 1: ಕೇಸು ಯಾವ ಆದಾಯಕ್ಕೆ ಸೇರಿದ್ದು ಅಂತ ನೋಡಿ

ನಮ್ಮ ಕಾನೂನಿನಲ್ಲಿ "ವಕೀಲರ ಫೀಸು" ಎಂಬ ಹೆಸರಿನ ವಿನಾಯಿತಿ ಇಲ್ಲ. ಹಿಂದೆ ಒಂದಿತ್ತು. ಆದಾಯ ತೆರಿಗೆ ವಿಚಾರಣೆಗೆ ಮಾಡಿದ ಖರ್ಚಿಗೆ ಸೆಕ್ಷನ್ 80ವಿವಿ ಅಡಿ 5,000 ರೂಪಾಯಿ ತನಕ ಬಿಡುತ್ತಿದ್ದರು. 1980ರ ದಶಕದಲ್ಲೇ ಅದನ್ನು ತೆಗೆದುಹಾಕಿದರು. ಹಾಗಾಗಿ ಸಂಬಳದವರು ರಿಟರ್ನ್ ಹಾಕಿಸಲು ಆಡಿಟರ್‌ಗೆ ಕೊಡುವ ಮೂರು ಸಾವಿರವನ್ನೂ ಈಗ ಕಳೆಯಲು ಬರುವುದಿಲ್ಲ.

ಈಗ ಉಳಿದಿರುವುದು ಒಂದೇ ದಾರಿ. ಆದಾಯವನ್ನು ಕಾನೂನು ಐದು ಬಗೆ ಮಾಡಿದೆ: ಸಂಬಳ, ಮನೆ ಬಾಡಿಗೆ, ವ್ಯಾಪಾರ ಅಥವಾ ವೃತ್ತಿ, ಆಸ್ತಿ ಮಾರಿದ ಲಾಭ, ಇತರೆ. ಒಂದೊಂದಕ್ಕೂ ಏನೇನು ಕಳೆಯಬಹುದು ಎಂಬ ನಿಯಮ ಬೇರೆ. ನಿಮ್ಮ ಕೇಸು ಯಾವುದಕ್ಕೆ ಸೇರುತ್ತದೋ ಆ ನಿಯಮ ಅದಕ್ಕೆ. ಯಾವುದಕ್ಕೂ ಸೇರದಿದ್ದರೆ ಅದು ವೈಯಕ್ತಿಕ ಖರ್ಚು, ಕಥೆ ಮುಗೀತು.

"ಈ ಕೇಸು ಸೋತರೆ ನನ್ನ ದುಡಿಮೆಗೇ ಕುತ್ತು, ಹಾಗಾಗಿ ಇದು ವೃತ್ತಿ ಖರ್ಚು" ಎಂಬ ವಾದ ನಿಲ್ಲುವುದಿಲ್ಲ. ಕೇಂದ್ರದ ಮಾಜಿ ಕಾನೂನು ಸಚಿವರೂ ದೊಡ್ಡ ವಕೀಲರೂ ಆಗಿದ್ದ ಶಾಂತಿ ಭೂಷಣ್ ತಮ್ಮ ಹೃದಯದ ಆಪರೇಷನ್ ಖರ್ಚನ್ನೇ ವೃತ್ತಿ ಖರ್ಚು ಅಂತ ತೋರಿಸಿದ್ದರು. ಹೃದಯ ಸರಿಯಿದ್ದರೆ ತಾನೇ ವಾದ ಮಾಡೋದು ಎಂಬುದು ಅವರ ತರ್ಕ. 2011ರಲ್ಲಿ ದೆಹಲಿ ಹೈಕೋರ್ಟ್ ಒಪ್ಪಲಿಲ್ಲ. ಅಂಥ ವಕೀಲರಿಗೇ ದಕ್ಕದ್ದು ನಮಗೆ ದಕ್ಕುತ್ತಾ?

ಸಂಬಳದವರಿಗೆ

ಇಲ್ಲಿ ಹೇಳುವುದು ಸ್ವಲ್ಪವೇ. ಸಂಬಳದಿಂದ ಕಳೆಯಲು ಬರುವುದು ಸ್ಟ್ಯಾಂಡರ್ಡ್ ಡಿಡಕ್ಷನ್, ಹೊಸ ಪದ್ಧತಿಯಲ್ಲಿ 75,000, ಹಳೆಯದರಲ್ಲಿ 50,000. ಹಳೆಯದರಲ್ಲಿ ವೃತ್ತಿ ತೆರಿಗೆಯೂ ಸೇರುತ್ತದೆ. ವಕೀಲರ ಫೀಸಿಗೆ ಜಾಗವಿಲ್ಲ.

ಕೆಲಸದಿಂದ ತೆಗೆದ ಕಂಪನಿ ಮೇಲೆ ಕೇಸು ಹಾಕಿ ರಾಜಿಯಲ್ಲಿ 10 ಲಕ್ಷ ಬಂತು ಅಂದುಕೊಳ್ಳಿ. ಕೆಲಸ ಹೋದದ್ದಕ್ಕೆ ಕೊಟ್ಟ ಆ ದುಡ್ಡನ್ನು ಸಾಮಾನ್ಯವಾಗಿ ಸಂಬಳದ ಲೆಕ್ಕಕ್ಕೇ ಹಿಡಿಯುತ್ತಾರೆ. ಅದರಲ್ಲಿ 2 ಲಕ್ಷ ವಕೀಲರಿಗೆ ಹೋದರೂ ತೆರಿಗೆ ಪೂರ್ತಿ 10 ಲಕ್ಷದ ಮೇಲೆ. ರಾಜಿಗೆ ಕೂತಾಗಲೇ ಇದನ್ನು ತಲೆಯಲ್ಲಿ ಇಟ್ಟುಕೊಂಡು ಮೊತ್ತ ಕೇಳಿ. ಬಂದದ್ದು ಹಳೇ ವರ್ಷಗಳ ಬಾಕಿ ಸಂಬಳವಾದರೆ ಸೆಕ್ಷನ್ 89ರ ಪರಿಹಾರ ಇದೆ. ಅದಕ್ಕೆ ರಿಟರ್ನ್‌ಗೂ ಮುಂಚೆ ಫಾರಂ 10ಇ ಹಾಕಬೇಕು. ಆಮೇಲೆ ಹಾಕುತ್ತೇನೆ ಅಂದರೆ ಪರಿಹಾರಕ್ಕೆ ತೊಡಕಾಗುತ್ತದೆ.

ಬಾಡಿಗೆ ಮನೆ ಮಾಲೀಕರಿಗೆ

ಬಾಡಿಗೆದಾರರು ಬಾಡಿಗೆ ಕೊಡುತ್ತಿಲ್ಲ, ಮನೆಯನ್ನೂ ಬಿಡುತ್ತಿಲ್ಲ. ನೀವು ಕೋರ್ಟಿಗೆ ಹೋದಿರಿ. ಆ ಫೀಸನ್ನು ಬಾಡಿಗೆ ಆದಾಯದಲ್ಲಿ ಕಳೆಯಬಹುದಾ? ಇಲ್ಲ. ಸೆಕ್ಷನ್ 24ರಲ್ಲಿ ಇರುವುದು ಎರಡೇ: ರಿಪೇರಿ, ಮೇಂಟೆನೆನ್ಸ್ ಎಲ್ಲದಕ್ಕೂ ಸೇರಿಸಿ ಒಟ್ಟಾಗಿ ಶೇ. 30, ಮತ್ತೆ ಸಾಲದ ಬಡ್ಡಿ. ನೀವು ಖರ್ಚು ಮಾಡದಿದ್ದರೂ ಶೇ. 30 ಸಿಗುತ್ತದೆ, ಅದರ ಎರಡರಷ್ಟು ಖರ್ಚಾದರೂ ಅಷ್ಟೇ ಸಿಗುತ್ತದೆ.

ಆದರೆ ಇಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಬಾಡಿಗೆ ಕೈಗೆ ಬರದಿದ್ದರೂ ಅದರ ಮೇಲೆ ತೆರಿಗೆ ಕಟ್ಟುವ ಪರಿಸ್ಥಿತಿ ಬರಬಹುದು. ವಸೂಲಾಗದ ಬಾಡಿಗೆಯನ್ನು ಆದಾಯದಿಂದ ಬಿಡಬೇಕಾದರೆ ನಿಯಮ 4ರಲ್ಲಿ ನಾಲ್ಕು ಷರತ್ತು ಇವೆ. ಬಾಡಿಗೆ ಒಪ್ಪಂದ ನಿಜವಾದದ್ದಾಗಿರಬೇಕು. ಬಾಡಿಗೆದಾರ ಮನೆ ಬಿಟ್ಟಿರಬೇಕು ಅಥವಾ ಬಿಡಿಸಲು ನೀವು ಕ್ರಮ ತೆಗೆದುಕೊಂಡಿರಬೇಕು. ನಿಮ್ಮದೇ ಬೇರೆ ಮನೆಯಲ್ಲಿ ಅವರು ಇರಬಾರದು. ಬಾಕಿ ವಸೂಲಿಗೆ ಕೋರ್ಟಿಗೆ ಹೋಗಲು ಸರಿಯಾದ ಪ್ರಯತ್ನ ಮಾಡಿರಬೇಕು, ಇಲ್ಲವೇ ಹೋದರೂ ಪ್ರಯೋಜನ ಇಲ್ಲ ಅಂತ ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅಂದರೆ ಫೀಸು ಕಳೆಯಲು ಬರದಿದ್ದರೂ ನೋಟಿಸು, ದಾವೆ ಪ್ರತಿ ಇವೇ ನಿಮ್ಮನ್ನು ಕಾಪಾಡುತ್ತವೆ. ಎಂಟು ತಿಂಗಳ ಬಾಡಿಗೆ, ತಿಂಗಳಿಗೆ 30,000 ಅಂತ ಹಿಡಿದರೆ 2,40,000 ರೂಪಾಯಿ ಲೆಕ್ಕದಿಂದ ಆಚೆ ಹೋಗುತ್ತದೆ. ಫೀಸಿಗಿಂತ ದೊಡ್ಡ ಮೊತ್ತ ಅಲ್ವಾ? ಮುಂದೆ ಆ ಬಾಕಿ ವಸೂಲಾದರೆ ಬಂದ ವರ್ಷ ತೆರಿಗೆ ಕಟ್ಟಬೇಕು. ಆಗಲೂ ಶೇ. 30 ಕಳೆಯಲು ಬಿಡುತ್ತಾರೆ.

ಅಂಗಡಿ, ವರ್ಕ್‌ಶಾಪ್, ಸ್ವಂತ ಪ್ರಾಕ್ಟೀಸ್ ಇರುವವರಿಗೆ

ಇವರಿಗೆ ಸೆಕ್ಷನ್ 37(1) ಇದೆ. ಖರ್ಚು ಪೂರ್ತಿಯಾಗಿ ವ್ಯವಹಾರಕ್ಕೇ ಆಗಿರಬೇಕು, ವೈಯಕ್ತಿಕ ಆಗಿರಬಾರದು, ಬಂಡವಾಳದ ಖರ್ಚೂ ಆಗಿರಬಾರದು. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೆ ಗಿರಾಕಿ ಕೊಟ್ಟ ಚೆಕ್ ಬೌನ್ಸ್ ಆಗಿ ಕೇಸು ಹಾಕಿದರೆ ಫೀಸು ಖರ್ಚಿಗೆ ಬರುತ್ತದೆ. ಅದೇ ವ್ಯಾಪಾರಿ ಭಾವಮೈದುನನಿಗೆ ಕೈಸಾಲ ಕೊಟ್ಟು ಆ ಚೆಕ್ ಬೌನ್ಸ್ ಆದರೆ ಬರುವುದಿಲ್ಲ. ಕೋರ್ಟ್ ಒಂದೇ, ವಕೀಲರೂ ಒಬ್ಬರೇ, ಸೆಕ್ಷನ್ 138ರ ಕೇಸೂ ಒಂದೇ ತರಹದ್ದು.

ಪೀಣ್ಯದ ವರ್ಕ್‌ಶಾಪಿನ ಲೇಬರ್ ಕೋರ್ಟ್ ಕೇಸು, ಬಾಕಿ ವಸೂಲಿ, ಜಿಎಸ್‌ಟಿ ನೋಟಿಸಿಗೆ ಉತ್ತರ, ಅಂಗಡಿ ಬಾಡಿಗೆ ಕರಾರು ಬರೆಸಿದ್ದು ಇವಕ್ಕೆಲ್ಲ ತೊಂದರೆ ಇಲ್ಲ. ವ್ಯವಹಾರದ ಆದಾಯ ತೆರಿಗೆ ವಿಚಾರಣೆಗೆ ಮಾಡಿದ ಖರ್ಚೂ ನಡೆಯುತ್ತದೆ ಎಂದು ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಕ್ರಿಮಿನಲ್ ಕೇಸಾದ ಮಾತ್ರಕ್ಕೆ ಖರ್ಚು ಬಿದ್ದುಹೋಗುವುದಿಲ್ಲ, ವ್ಯವಹಾರಕ್ಕಾಗಿ ಮಾಡಿದ್ದಾ ಎಂದು ನೋಡಬೇಕು ಎಂದು 1973ರಲ್ಲಿ ಹೇಳಿತು. ಆದರೆ ದಂಡ ಕಟ್ಟಿದ್ದು ಬೇರೆ ಮಾತು. ಅಪರಾಧಕ್ಕೆ ಬಿದ್ದ ದಂಡವನ್ನು ಖರ್ಚು ಅಂತ ತೋರಿಸುವಂತಿಲ್ಲ. ಅಂಗಡಿ ಮಳಿಗೆ ಕೊಳ್ಳುವಾಗ ಕೊಟ್ಟ ಫೀಸು ಮಳಿಗೆಯ ಬೆಲೆಗೆ ಸೇರುತ್ತದೆ, ಆ ವರ್ಷದ ಖರ್ಚಿಗಲ್ಲ.

ಐಟಿ ಫ್ರೀಲಾನ್ಸರ್‌ಗಳು, ಡಾಕ್ಟರ್‌ಗಳು ತುಂಬಾ ಜನ 44ಎಡಿಎ ಅಡಿ ಬಂದ ಹಣದ ಅರ್ಧವನ್ನು ಲಾಭ ಅಂತ ತೋರಿಸುತ್ತಾರೆ. ಅಂಗಡಿಯವರು 44ಎಡಿ ಅಡಿ ಶೇ. 8 ಅಥವಾ 6 ತೋರಿಸುತ್ತಾರೆ. ಹಾಗೆ ಮಾಡಿದರೆ ವಕೀಲರ ಫೀಸು ಸೇರಿದಂತೆ ಎಲ್ಲಾ ಖರ್ಚೂ ಅದರೊಳಗೇ ಬಂತು. ಮೇಲೆ ಇನ್ನೊಂದು ಸಲ ಕಳೆಯಲಾಗದು.

ಬೇಡದ ಜಾಣತನ ಒಂದಿದೆ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ನಡೆಯುವ ವಿಚ್ಛೇದನ ಕೇಸಿನ ಫೀಸನ್ನು ಅಂಗಡಿ ಹೆಸರಿನಲ್ಲಿ ಬಿಲ್ ಮಾಡಿಸಿ "ಪ್ರೊಫೆಷನಲ್ ಚಾರ್ಜಸ್" ಅಂತ ಬರೆಯುವುದು. ಸಿಕ್ಕಿಬಿದ್ದರೆ ಸೆಕ್ಷನ್ 270ಎ ಇದೆ. ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಶೇ. 50 ದಂಡ, ಸುಳ್ಳು ಲೆಕ್ಕ ಅಂತ ತೀರ್ಮಾನವಾದರೆ ಶೇ. 200. ಅಂದಹಾಗೆ ಜೀವನಾಂಶ ಕೊಡುವವರಿಗೂ ಅದನ್ನು ಕಳೆಯಲು ಬರುವುದಿಲ್ಲ. ಪಡೆಯುವವರಿಗೆ ಒಂದೇ ಗಂಟಲ್ಲಿ ಬಂದರೆ ಸಾಮಾನ್ಯವಾಗಿ ತೆರಿಗೆ ಇಲ್ಲ, ತಿಂಗಳು ತಿಂಗಳು ಬಂದರೆ ಆದಾಯವಾಗಿ ಹಿಡಿಯುತ್ತಾರೆ. ಪರಸ್ಪರ ಒಪ್ಪಿಗೆಯ ಕರಾರು ಬರೆಯುವ ಮುಂಚೆ ಇದು ಗೊತ್ತಿರಲಿ.

ಸೈಟು, ಮನೆ ಮಾರುವವರಿಗೆ

ಆಸ್ತಿ ಮಾರಿದ ಲಾಭಕ್ಕೆ ಸೆಕ್ಷನ್ 48. ಮಾರಿದ ಬೆಲೆಯಿಂದ ಮೂರು ಕಳೆಯಬಹುದು: ಕೊಂಡ ಬೆಲೆ, ಅಭಿವೃದ್ಧಿಗೆ ಹಾಕಿದ ಹಣ, ಮಾರಾಟಕ್ಕೇ ಅಂತ ಆದ ಖರ್ಚು. ವಕೀಲರ ಫೀಸು ಈ ಮೂರರಲ್ಲೂ ಬರಬಹುದು.

ಕೊಳ್ಳುವಾಗ: ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕ, ದಾಖಲೆ ಪರಿಶೀಲಿಸಿ ಅಭಿಪ್ರಾಯ ಬರೆದುಕೊಟ್ಟ ವಕೀಲರ ಫೀಸು, ಕ್ರಯಪತ್ರ ಬರೆಸಿದ್ದು ಎಲ್ಲವೂ ಕೊಂಡ ಬೆಲೆಗೆ ಸೇರುತ್ತವೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ, ಹಾಗಾಗಿ ಇದೇನು ಸಣ್ಣ ಮೊತ್ತ ಅಲ್ಲ. ವಾಸದ ಮನೆ ಕೊಂಡು ಹಳೆಯ ಪದ್ಧತಿಯಲ್ಲೇ ಇದ್ದರೆ ಸ್ಟ್ಯಾಂಪ್ ಡ್ಯೂಟಿ, ನೋಂದಣಿ ಶುಲ್ಕವನ್ನು 80ಸಿಯ ಒಂದೂವರೆ ಲಕ್ಷದೊಳಗೆ ಆ ವರ್ಷವೇ ತೋರಿಸಲೂಬಹುದು.

ಇಟ್ಟುಕೊಂಡಿದ್ದಾಗ: ಇಲ್ಲಿ ಜಗ್ಗಾಟ ಜಾಸ್ತಿ. ಪಕ್ಕದವರು ಆರಡಿ ಒತ್ತುವರಿ ಮಾಡಿದರು, ಹಳೇ ಮಾಲೀಕರ ತಂಗಿ ಬಂದು ಪಾಲು ಕೇಳಿದರು, ಒಂದೇ ಸೈಟನ್ನು ಇಬ್ಬರಿಗೆ ಮಾರಿದ್ದರು. ಬೆಂಗಳೂರಿಗೆ ಇವೇನು ಹೊಸದಲ್ಲ. ಸಿಟಿ ಸಿವಿಲ್ ಕೋರ್ಟಿನಲ್ಲಿ ವಾಯಿದೆ ಮೇಲೆ ವಾಯಿದೆ ಬಿದ್ದು ವರ್ಷಗಟ್ಟಲೆ ಫೀಸು ಕಟ್ಟಿರುತ್ತೀರಿ. ಹಕ್ಕು ಉಳಿಸಿಕೊಳ್ಳಲು, ಟೈಟಲ್ ಸರಿಪಡಿಸಿಕೊಳ್ಳಲು ಆದ ಇಂಥ ಖರ್ಚನ್ನು ಆಸ್ತಿಯ ಬೆಲೆಗೆ ಸೇರಿಸಬಹುದು ಎಂದು ಹಲವು ತೀರ್ಪುಗಳು ಬಂದಿವೆ. ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದವರನ್ನು ಎಬ್ಬಿಸಲು ಕೊಟ್ಟ ಹಣವನ್ನು ಬಾಂಬೆ ಹೈಕೋರ್ಟ್ ಅಭಿವೃದ್ಧಿ ವೆಚ್ಚ ಅಂತ ಒಪ್ಪಿದೆ. ಆದರೆ ಇಲಾಖೆ ಇದನ್ನು ಸುಮ್ನೆ ಒಪ್ಪಿಬಿಡುತ್ತದೆ ಅಂದುಕೊಳ್ಳಬೇಡಿ. "ಅಭಿವೃದ್ಧಿ ಅಂದರೆ ಕಟ್ಟಡಕ್ಕೆ ಸೇರಿಸಿದ್ದು, ಬದಲಿಸಿದ್ದು ಮಾತ್ರ" ಎಂದು ಅಧಿಕಾರಿ ಕೇಳಬಹುದು. ಕೇಸು ಆಸ್ತಿಯ ಹಕ್ಕಿಗೇ ಸಂಬಂಧಿಸಿತ್ತು ಎಂದು ದಾವೆ ಪ್ರತಿಯಿಂದ ತೋರಿಸುವಂತಿರಬೇಕು. ಪಕ್ಕದ ಮನೆಯ ನಾಯಿ ಬೊಗಳಾಟದ ಮೇಲೆ ಹಾಕಿದ ಕೇಸು ಇದಕ್ಕೆ ಬರುವುದಿಲ್ಲ!

ಪಿತ್ರಾರ್ಜಿತ ಆಸ್ತಿಯವರು 1997ರ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ತಿಳಿದಿರಬೇಕು. ಅಪ್ಪ ಅಡವಿಟ್ಟು ಹೋದ ಮನೆಯನ್ನು ಮಗ ಬಿಡಿಸಿಕೊಂಡರೆ ಆ ಹಣ ಮಗನಿಗೆ ಆಸ್ತಿಯ ಬೆಲೆಗೆ ಸೇರುತ್ತದೆ. ಮಗನೇ ಅಡವಿಟ್ಟು ಮಗನೇ ಬಿಡಿಸಿಕೊಂಡರೆ ಸೇರುವುದಿಲ್ಲ. ತೊಡಕು ಯಾರು ತಂದದ್ದು ಎಂಬ ಈ ಪ್ರಶ್ನೆಯನ್ನು ನಿಮ್ಮ ಕೇಸಿಗೂ ಒಮ್ಮೆ ಕೇಳಿಕೊಳ್ಳಿ.

ಮಾರುವಾಗ: ಅಗ್ರಿಮೆಂಟ್ ಬರೆಸಿದ್ದು, ಬ್ರೋಕರ್ ಕಮಿಷನ್ ಇವು ಸೀದಾ ಬರುತ್ತವೆ. ಖಾಲಿ ಮಾಡಿಸಿಯೇ ಕೊಡಬೇಕು ಅಂತ ಮಾರಾಟದ ಕರಾರಿನಲ್ಲಿ ಇದ್ದರೆ, ಬಾಡಿಗೆದಾರರನ್ನು ಬಿಡಿಸಲು ಆದ ಖರ್ಚನ್ನೂ ಕೇಳಬಹುದು. ಆ ಸಾಲು ಕರಾರಿನಲ್ಲಿ ಇರುವಂತೆ ನೋಡಿಕೊಳ್ಳಿ. ಬಾಡಿಗೆ ಆದಾಯದಲ್ಲಿ ದಕ್ಕದ ಫೀಸು ಇಲ್ಲಿ ದಕ್ಕುವುದು ಆ ಒಂದು ಸಾಲಿನಿಂದ.

ಒಂದು ಲೆಕ್ಕ ನೋಡೋಣ. 2010ರಲ್ಲಿ ಕೆಂಗೇರಿ ಕಡೆ 18 ಲಕ್ಷಕ್ಕೆ ಸೈಟು ತೆಗೆದುಕೊಂಡಿರಿ. ಒತ್ತುವರಿ ಕೇಸಿಗೆ 2,40,000 ಆಯಿತು. 2025ರಲ್ಲಿ 95 ಲಕ್ಷಕ್ಕೆ ಮಾರಿದಿರಿ. ಇಂಡೆಕ್ಸೇಷನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಹೆಚ್ಚಿಸಿ ಹಿಡಿಯುವುದು) ಇಲ್ಲದ ಶೇ. 12.5 ಲೆಕ್ಕದಲ್ಲಿ, ಫೀಸು ಸೇರಿಸದಿದ್ದರೆ ಲಾಭ 77 ಲಕ್ಷ. ಸೇರಿಸಿದರೆ 74,60,000. ತೆರಿಗೆಯಲ್ಲಿ 30,000, ಒಟ್ಟು ಆದಾಯ 50 ಲಕ್ಷ ದಾಟಿ 1 ಕೋಟಿಯೊಳಗೆ ಇದ್ದರೆ ಬೀಳುವ ಶೇ. 10 ಸರ್‌ಚಾರ್ಜ್, ಅದರ ಮೇಲಿನ ಶೇ. 4 ಸೆಸ್ ಸೇರಿ 34,320 ರೂಪಾಯಿ ಉಳಿಯುತ್ತದೆ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಾಗ, ಮನೆಗೆ ಇಲ್ಲೇ ವಾಸವಿರುವವರು ಶೇ. 20, ಇಂಡೆಕ್ಸೇಷನ್ ಸಮೇತದ ಲೆಕ್ಕವನ್ನೂ ಹಾಕಿ ಯಾವುದು ಕಡಿಮೆಯೋ ಅದನ್ನು ಕಟ್ಟಬಹುದು.

ಬಿಡಿಎ, ಕೆಐಎಡಿಬಿಗೆ ಜಮೀನು ಹೋಗಿ ಹೆಚ್ಚಿನ ಪರಿಹಾರಕ್ಕೆ ಕೋರ್ಟಿಗೆ ಹೋದವರ ಲೆಕ್ಕ ಬೇರೆ. ಪರಿಹಾರದ ಮೇಲೆ ಬಂದ ಬಡ್ಡಿ "ಇತರೆ" ಆದಾಯ. ಅದರಲ್ಲಿ ನೇರವಾಗಿ ಅರ್ಧ ಕಳೆಯುತ್ತಾರೆ. ವಕೀಲರಿಗೆ ಕೊಟ್ಟದ್ದು ಅಂತ ಮೇಲೆ ಇನ್ನೇನೂ ಬಿಡುವುದಿಲ್ಲ. ಉಳಿದ "ಇತರೆ" ಆದಾಯಕ್ಕೆ ಸೆಕ್ಷನ್ 57 ಇದೆ. ಆ ಆದಾಯ ಗಳಿಸಲೆಂದೇ ಆದ ಖರ್ಚು ಅಂತ ತೋರಿಸಬೇಕು. ಸಾಮಾನ್ಯ ಜನರಿಗೆ ಅಪರೂಪಕ್ಕೆ ಕೂಡಿಬರುತ್ತದೆ.

ಹಂತ 2: ಬಿಲ್ಲನ್ನು ಬಿಡಿಸಿಕೊಳ್ಳಿ

ಒಬ್ಬರೇ ವಕೀಲರು ನಿಮ್ಮ ಸೈಟಿನ ಕೇಸನ್ನೂ ಮನೆಯ ಜಗಳವನ್ನೂ ನೋಡುತ್ತಿದ್ದರೆ ಒಟ್ಟಿಗೆ ರಸೀದಿ ತೆಗೆದುಕೊಳ್ಳಬೇಡಿ. ಎರಡು ಕೇಸಿಗೆ ಎರಡು ರಸೀದಿ. ಕೇಸು ಮುಗಿದ ಮೇಲೆ ಕೇಳಿದರೆ "ಅಯ್ಯೋ, ಆಗ ಕೊಟ್ಟಿದ್ನಲ್ಲ" ಅನ್ನುವ ಉತ್ತರ ಬರುತ್ತದೆ. ಪ್ರತಿ ಸಲ ಕೊಟ್ಟಾಗಲೇ ಕೇಳಿ. ರಸೀದಿಯಲ್ಲಿ ಇಷ್ಟಿದ್ದರೆ ಸಾಕು:

"ಬೆಂಗಳೂರು ನಗರ ಸಿವಿಲ್ ನ್ಯಾಯಾಲಯದ ಓ.ಎಸ್. ನಂ. ___/2019ರಲ್ಲಿ, ಸೈಟ್ ನಂ. ___, ಕೆಂಗೇರಿ ಉಪನಗರ, ಇದರ ಹಕ್ಕಿನ ವಿಚಾರವಾಗಿ ವಕೀಲರ ಶುಲ್ಕ ರೂ. 25,000 ಬ್ಯಾಂಕ್ ಮೂಲಕ ಸಂದಾಯವಾಗಿದೆ."

ಕೆಳಗೆ ದಿನಾಂಕ, ಸಹಿ, ವಕೀಲರ ಪ್ಯಾನ್. ಕೇಸ್ ನಂಬರ್ ಜೊತೆಗೆ ಆಸ್ತಿಯ ನಂಬರೂ ಇರುವುದು ಮುಖ್ಯ. ಹತ್ತು ವರ್ಷದ ನಂತರ ಅದನ್ನು ನೋಡುವ ಅಧಿಕಾರಿಗೆ ಎರಡರ ಸಂಬಂಧ ಅದರಿಂದಲೇ ಗೊತ್ತಾಗಬೇಕು. ಗೆದ್ದಾಗ ಎದುರುಪಾರ್ಟಿಯಿಂದ ಕೋರ್ಟ್ ಖರ್ಚು ಕೊಡಿಸಿದ್ದರೆ ಅಷ್ಟನ್ನು ನಿಮ್ಮ ಲೆಕ್ಕದಿಂದ ಇಳಿಸಿ.

ಹಂತ 3: ದುಡ್ಡು ಹೇಗೆ ಕೊಟ್ಟಿರಿ ಅನ್ನೋದನ್ನೂ ನೋಡಿ

ವ್ಯವಹಾರದವರು ಒಂದು ದಿನ ಒಬ್ಬರಿಗೆ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸೆಕ್ಷನ್ 40ಎ(3) ಅಡಿ ಆ ಖರ್ಚು ಬಿದ್ದುಹೋಗುತ್ತದೆ. ಸೈಟಿನ ಕೇಸಿಗೆ ಈ ಮಿತಿ ಇಲ್ಲ, ಆದರೆ ನಗದು ಕೊಟ್ಟದ್ದಕ್ಕೆ ಸಾಕ್ಷಿ ಎಲ್ಲಿಂದ ತರುತ್ತೀರಿ? ಯುಪಿಐ ಮಾಡಿ, ರಿಮಾರ್ಕ್ಸ್‌ನಲ್ಲಿ ಕೇಸ್ ನಂಬರ್ ಬರೆಯಿರಿ.

ಹಿಂದಿನ ವರ್ಷ ವ್ಯಾಪಾರದ ವಹಿವಾಟು 1 ಕೋಟಿ ಅಥವಾ ವೃತ್ತಿಯ ವಹಿವಾಟು 50 ಲಕ್ಷ ದಾಟಿದ್ದರೆ, ವರ್ಷಕ್ಕೆ 50,000 ಮೀರಿದ ಫೀಸಿಗೆ ಶೇ. 10 ಟಿಡಿಎಸ್ (ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಹಿಡಿಯದಿದ್ದರೆ ಖರ್ಚಿನ ಶೇ. 30 ಒಪ್ಪುವುದಿಲ್ಲ. ಸ್ವಂತ ಕೇಸಿಗೆ ಈ ನಿಯಮ ಬರದು. ಜಿಎಸ್‌ಟಿ ನೋಂದಣಿಯ ಮಿತಿ ಮೀರಿದ ವಹಿವಾಟಿನ ವ್ಯವಹಾರವಾದರೆ ವಕೀಲರ ಫೀಸಿನ ಮೇಲಿನ ಶೇ. 18 ಜಿಎಸ್‌ಟಿಯನ್ನು ವಕೀಲರ ಬದಲು ನೀವೇ ಕಟ್ಟಬೇಕು. ಸ್ವಂತ ಕೇಸಿಗೆ ಜಿಎಸ್‌ಟಿ ಇಲ್ಲ.

ಹಂತ 4: ಫಾರಂನಲ್ಲಿ ಎಲ್ಲಿ ತುಂಬಬೇಕು

ಸೈಟು ಮಾರಿದ ವರ್ಷ ಐಟಿಆರ್-1 ನಡೆಯುವುದಿಲ್ಲ. ಐಟಿಆರ್-2 ತೆಗೆದುಕೊಳ್ಳಿ. ಕ್ಯಾಪಿಟಲ್ ಗೇನ್ಸ್ ಶೆಡ್ಯೂಲಿನಲ್ಲಿ ಕೊಂಡ ಬೆಲೆ, ಅಭಿವೃದ್ಧಿ ವೆಚ್ಚ, ಮಾರಾಟದ ಖರ್ಚು ಮೂರಕ್ಕೂ ಬೇರೆ ಬೇರೆ ಕಾಲಂ ಇವೆ. ಎಲ್ಲವನ್ನೂ ಒಂದರಲ್ಲೇ ತುಂಬಬೇಡಿ. ಕೇಸಿನ ಫೀಸನ್ನು ಯಾವ ಯಾವ ವರ್ಷ ಕೊಟ್ಟಿರಿ ಎಂದು ಪಟ್ಟಿ ಮಾಡಿಟ್ಟುಕೊಳ್ಳಿ, ಇಂಡೆಕ್ಸೇಷನ್ ಲೆಕ್ಕಕ್ಕೆ ಅದು ಬೇಕು. ವ್ಯವಹಾರದ ಪೂರ್ತಿ ಲೆಕ್ಕ ಇಡುವವರಿಗೆ ಐಟಿಆರ್-3, ಅಲ್ಲಿ ಲಾಭ-ನಷ್ಟದ ಪಟ್ಟಿಯಲ್ಲಿ ವೃತ್ತಿಪರರ ಫೀಸಿಗೆ ಸಾಲು ಇದೆ.

ರಿಟರ್ನ್ ಜೊತೆ ರಸೀದಿ ಲಗತ್ತಿಸುವಂತಿಲ್ಲ. ಹಾಗಂತ ರಸೀದಿ ಬೇಡ ಅಂತಲ್ಲ. ಕ್ರಯಪತ್ರದ ಫೈಲಿನಲ್ಲೇ ಅವನ್ನೂ ಇಡಿ, ಸ್ಕ್ಯಾನ್ ಮಾಡಿಡಿ. ಥರ್ಮಲ್ ಪೇಪರಿನ ರಸೀದಿ ಎರಡು ವರ್ಷದಲ್ಲಿ ಬೆಳ್ಳಗಾಗಿಬಿಡುತ್ತದೆ.

ಹಂತ 5: ನೋಟಿಸು ಬಂದರೆ

143(2) ನೋಟಿಸು ಅಂದರೆ ಪರಿಶೀಲನೆಗೆ ತೆಗೆದುಕೊಂಡಿದ್ದಾರೆ ಎಂದರ್ಥ. ಕ್ವೀನ್ಸ್ ರಸ್ತೆಗೋ ಕೋರಮಂಗಲಕ್ಕೋ ಓಡಬೇಕಿಲ್ಲ. ಈಗ ಸಾಮಾನ್ಯವಾಗಿ ಎಲ್ಲವೂ ಪೋರ್ಟಲ್‌ನ ಇ-ಪ್ರೊಸೀಡಿಂಗ್ಸ್‌ನಲ್ಲೇ ನಡೆಯುತ್ತದೆ. ದಾವೆ ಪ್ರತಿ, ತೀರ್ಪು ಅಥವಾ ರಾಜಿ ಡಿಕ್ರಿ, ವಕಾಲತ್ತು, ರಸೀದಿಗಳು, ಬ್ಯಾಂಕ್ ಸ್ಟೇಟ್‌ಮೆಂಟ್ ಇವನ್ನು ದಿನಾಂಕದ ಕ್ರಮದಲ್ಲಿ ಹಾಕಿ. ಮೇಲೆ ಒಂದು ಪುಟದಲ್ಲಿ ಕೇಸು ಏನು, ಅದಿಲ್ಲದಿದ್ದರೆ ಈ ಆಸ್ತಿ ಮಾರಲು ಯಾಕೆ ಆಗುತ್ತಿರಲಿಲ್ಲ ಎಂದು ಸರಳವಾಗಿ ಬರೆಯಿರಿ. ಕೇಸಿನ ಸ್ಥಿತಿಗತಿ ಇ-ಕೋರ್ಟ್ಸ್ ತಾಣದಲ್ಲಿ ಪುಕ್ಕಟೆ ಸಿಗುತ್ತದೆ, ಅದರ ಪ್ರಿಂಟೂ ಇರಲಿ.

ಅಧಿಕಾರಿ ಒಪ್ಪದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಮೂವತ್ತು ಸಾವಿರದ ತೆರಿಗೆಗೆ ಅಲ್ಲಿತನಕ ಹೋಗುವ ಮುಂಚೆ ಮೇಲ್ಮನವಿಗೆ ಆಡಿಟರ್ ಎಷ್ಟು ಕೇಳುತ್ತಾರೆ ಅಂತ ವಿಚಾರಿಸಿ. ಆ ಫೀಸನ್ನಂತೂ ಎಲ್ಲೂ ಕಳೆಯಲು ಬರುವುದಿಲ್ಲ.